ಬಟಾಣಿ ಬೀನ್ಸಿನ ಚುನಾವಣೆ

ಬೆಟ್ಟದ ಮೇಲಿನ ಮಂಜೂರಿನ ಸುತ್ತಲಿನ ಬಡಗರ ಹಟ್ಟಿಗಳಲ್ಲಿ ಪ್ರಜಾಪ್ರಭುತ್ವವೆಂದರೆ ಏನೆಂದು ಕೇಳಿದರೆ, ನಲವತ್ತರ ಒಳಗಿನವರಿಗೆ ಮೊದಲು ನೆನಪಾಗುವುದು ಒಂದು ಬಿಸ್ಕತ್ತಿನ ಡಬ್ಬಿ. ಅದು ಪ್ರೇಮಲತಾ ಟೀಚರ ಡಬ್ಬಿ. ಅವರ ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಮಂಜೂರಿನಲ್ಲಿ ತರಕಾರಿ ಅಂಗಡಿ ಇಟ್ಟವರು. ಮಗಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ದಾರಿಯಲ್ಲಿ ಬಡಗ ಮಾತಾಡುತ್ತ ಬೆಳೆದು, ಅಲ್ಲೇ ಒಂದು ಶಾಲೆಯಲ್ಲಿ ಮೂವತ್ತು ವರ್ಷದಿಂದ ಎಂಟನೇ ತರಗತಿಗೆ ಸಮಾಜ ಪಾಠ ಹೇಳುತ್ತಿದ್ದಾರೆ. ಬರುವ ಬೇಸಿಗೆಗೆ ನಿವೃತ್ತಿ.

ಆಳ್ವಿಕೆಯ ಬಗೆಗಳು ಎಂಬ ಪಾಠವನ್ನು ಬರೀ ಓದಿಸಿದರೆ ಮಕ್ಕಳು ಕಿಟಕಿಯಾಚೆಯ ಮಂಜು ನೋಡುತ್ತ ಕೂರುತ್ತವೆಂದು ಟೀಚರ್ ಅದನ್ನು ಒಂದು ವಾರದ ಆಟ ಮಾಡಿದ್ದರು. ಸೋಮವಾರ ಕ್ಯಾಲೆಂಡರ್ ಹಾಳೆಯ ಕಿರೀಟ ತೊಟ್ಟ ರಾಜ. ಮಂಗಳವಾರ ಸರ್ವಾಧಿಕಾರಿ, ಅವನ ಅಪ್ಪಣೆಯಿಲ್ಲದೆ ಯಾರೂ ಕೆಮ್ಮುವ ಹಾಗಿಲ್ಲ. ಬುಧವಾರ ಮುಂದಿನ ಬೆಂಚಿನ ನಾಲ್ವರ ದರ್ಬಾರು. ಗುರುವಾರ ಚರ್ಚೆ. ಶುಕ್ರವಾರ ಚುನಾವಣೆ, ಅದು ಮಾತ್ರ ಆಟವಲ್ಲ, ಗೆದ್ದವರೇ ವರ್ಷವಿಡೀ ತರಗತಿಯ ಲೀಡರ್. ಚೀಟಿ ಬರೆಸಿದರೆ ಕೈಬರಹ ಗುರುತು ಸಿಗುತ್ತದೆಂದು ಮತಕ್ಕೆ ಬೀಜ ಕೊಡುತ್ತಿದ್ದರು. ತಲೆಗೊಂದು ಬಟಾಣಿ, ಒಂದು ಬೀನ್ಸ್ ಬೀಜ. ನಿಮಗೆ ಬೇಕಾದವರ ಬೀಜ ಡಬ್ಬಿಗೆ ಹಾಕಿ, ಇನ್ನೊಂದು ನಿಮ್ಮ ಹತ್ತಿರವೇ ಇರಲಿ ಎನ್ನುತ್ತಿದ್ದರು.

ಹದಿನಾಲ್ಕು ವರ್ಷದ ಹಿಂದೆ, ಆ ಗುರುವಾರದ ಚರ್ಚೆಯಲ್ಲಿ ತೇನ್ಮೊಳಿ ಎಂಬ ಹುಡುಗಿ ಎದ್ದು ನಿಂತಳು. ಅವಳ ತಾತ ಹಾಲಿಗೌಡ ತಮ್ಮ ಹಟ್ಟಿಗೆ ಮುಖ್ಯಸ್ಥ. ಹಟ್ಟಿಯಲ್ಲಿ ಏನೇ ತಕರಾರು ಬಂದರೂ ಹಿರಿಯರೆಲ್ಲ ಹುಲ್ಲಿನ ಮೇಲೆ ಕೂಟ ಸೇರಿ, ಬೆಳಗಿನಿಂದ ಮಾತಾಡಿ ಮಾತಾಡಿ, ಕೊನೆಗೆ ಗೌಡ ತೀರ್ಪು ಹೇಳುತ್ತಾನೆ. ಹೇಳಿದ ಮೇಲೆ ಯಾರೂ ಎದುರಾಡುವುದಿಲ್ಲ. ಅದೂ ಪ್ರಜಾಪ್ರಭುತ್ವವೇ ಅಲ್ಲವೇ ಎಂದು ಹುಡುಗಿ ಕೇಳಿದಳು. ಟೀಚರ್ ನಕ್ಕರು. ಎಣಿಕೆಯಿಲ್ಲ, ಗುಟ್ಟಿನ ಮತವಿಲ್ಲ, ಹೆಂಗಸರಿಗೆ ಜಾಗವಿಲ್ಲ. ಒಬ್ಬ ಹೇಳುವುದು, ಮಿಕ್ಕವರು ತಲೆಯಾಡಿಸುವುದು, ಅದೆಂಥ ಪ್ರಜಾಪ್ರಭುತ್ವ ಎಂದರು. ತರಗತಿಯೂ ನಕ್ಕಿತು. ತೇನ್ಮೊಳಿ ಕೂತಳು.

ಮರುದಿನ ಚುನಾವಣೆಗೆ ನಿಂತವಳೂ ಅವಳೇ. ಅವಳ ಗುರುತು ಬಟಾಣಿ. ಎದುರಾಳಿ ಪ್ರವೀಣ್‌ಕುಮಾರನದು ಬೀನ್ಸ್. ಮೂವತ್ತೊಂದು ಮಕ್ಕಳು ಸಾಲಾಗಿ ಬಂದು ಬೀಜ ಹಾಕಿದರು. ಟೀಚರ್ ಡಬ್ಬಿ ಹಿಡಿದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಣಿಸಿದರು. ಹದಿನೆಂಟು ಬಟಾಣಿ, ಹದಿಮೂರು ಬೀನ್ಸ್.

ಮುಂದಿನ ವಾರ ಮೇಲಧಿಕಾರಿಗಳು ಶಾಲೆಗೆ ಬರುವವರಿದ್ದರು. ಸ್ವಾಗತ ಹೇಳಬೇಕಾದದ್ದು ಎಂಟನೇ ತರಗತಿಯ ಲೀಡರ್. ಪ್ರವೀಣ್‌ಕುಮಾರ ಇಂಗ್ಲಿಷನ್ನು ನೀರು ಕುಡಿದಂತೆ ಮಾತಾಡುತ್ತಿದ್ದ. ತೇನ್ಮೊಳಿ ಅಧಿಕಾರಿಗಳನ್ನೂ ಪ್ರಶ್ನೆ ಕೇಳಿಬಿಡುವ ಪೈಕಿ. ಮಕ್ಕಳ ಚುನಾವಣೆ ತಾನೆ, ಯಾರ ಆಸ್ತಿ ಹೋಗುತ್ತದೆ ಎಂದುಕೊಂಡು ಟೀಚರ್ ಹೊರಗೆ ಬಂದು, ಪ್ರವೀಣ್‌ಕುಮಾರ ಹದಿನಾರು, ತೇನ್ಮೊಳಿ ಹದಿನೈದು ಎಂದು ಸಾರಿದರು. ಹುಡುಗಿಗೆ ನೋವಾಗದಿರಲೆಂದು ಒಂದೇ ಮತದ ಅಂತರ ಇಟ್ಟದ್ದು ತಮ್ಮ ದೊಡ್ಡತನವೆಂದೇ ಅವರಿಗೆ ಅನಿಸಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹಿರಿಯರು ಸುಮ್ಮನೆ ಅಂದಿಲ್ಲ.

ತೇನ್ಮೊಳಿ ಎಲ್ಲರಿಗಿಂತ ಮೊದಲು "ಸರಿ ಟೀಚರ್" ಅಂದಳು. ಹಿಂದೆಯೇ ಮಿಕ್ಕವರೂ ಅಂದರು. ಅಧಿಕಾರಿಗಳು ಬಂದು ಹುಡುಗನ ಭಾಷಣಕ್ಕೆ ಮೆಚ್ಚಿದರು. ಸೋತವರೂ ಚಪ್ಪಾಳೆ ತಟ್ಟುವ ಇಂಥ ತರಗತಿ ಬೇರೆಲ್ಲೂ ನೋಡಿಲ್ಲವೆಂದು ಶಾಲೆಯ ಪುಸ್ತಕದಲ್ಲಿ ಬರೆದು ಹೋದರು. ಆ ಡಬ್ಬಿಯ ಬಟಾಣಿಯನ್ನು ಟೀಚರ್ ಮನೆಗೆ ಒಯ್ದು ಸಾಗುವಿಗೆ ಹಾಕಿದ್ದರು. ಮುಂದಿನ ವರ್ಷಗಳಲ್ಲಿ ಅವರು ಎಣಿಕೆಯಲ್ಲಿ ಮೋಸ ಮಾಡಲಿಲ್ಲ. ಬಾಗಿಲು ಮಾತ್ರ ಹಾಕಿಕೊಂಡೇ ಎಣಿಸಿದರು.

ಈ ವರ್ಷ ಮತದಾರರ ಪಟ್ಟಿಯ ಕೆಲಸಕ್ಕೆ ಟೀಚರನ್ನು ಹಾಕಿದರು. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿಕೊಂಡು ಹಟ್ಟಿ ಹತ್ತಿದಾಗ ಸಿಕ್ಕವಳು ತೇನ್ಮೊಳಿ. ಇಪ್ಪತ್ತೇಳು ವರ್ಷ, ತುಂಡು ಚಹಾ ತೋಟ, ಒಬ್ಬಳು ಮಗಳು. ಒಮ್ಮೆಯೂ ಮತ ಹಾಕಿಲ್ಲ, ಹೆಸರೇ ಸೇರಿಸಿಲ್ಲ. ಎಲೆ ಚೀಲ ಇಳಿಸಿ ಕೈ ತೊಳೆದು ಬಂದು, ಟೀಚರ ಮುಂದೆ ತಲೆ ಬಗ್ಗಿಸಿ ನಿಂತಳು. ಹಿರಿಯರು ತಲೆ ಮುಟ್ಟಿ ಹರಸುವುದು ಬಡಗರ ಪದ್ಧತಿ. ಟೀಚರ್ ಮುಟ್ಟಿದರು. ಚಹಾ ಬಂತು. ಇಷ್ಟು ಬುದ್ಧಿವಂತೆ ನೀನೇ ಹೀಗೆ ಮಾಡಿದರೆ ಹೇಗೆ ಎಂದು ಟೀಚರ್ ಹಳೆಯ ಸಲಿಗೆಯಲ್ಲಿ ಗದರಿದರು.

ತೇನ್ಮೊಳಿ ಸಿಟ್ಟಾಗಲಿಲ್ಲ. "ಅಂದು ಒಂದು ಬೀಜ ಎಂಗಳ ಕೈಲೇ ಉಳಿತಲ್ಲ ಟೀಚರ್," ಅಂದಳು. "ಇಸ್ಕೂಲು ಬಿಟ್ಟ ಮೇಲೆ ಮೆಟ್ಟಿಲ ಮೇಲೆ ಕೂತು ಎಲ್ಲರೂ ಕೈ ಬಿಚ್ಚಿದೋ. ಹದಿನೆಂಟು ಬೀನ್ಸ್ ಉಳಿದಿತ್ತು."

ಕೈಯಲ್ಲಿ ಬೀನ್ಸ್ ಉಳಿದವರು ಡಬ್ಬಿಗೆ ಹಾಕಿದ್ದು ಬಟಾಣಿ. ಡಬ್ಬಿಯೊಳಗಿನ ಬೀಜವನ್ನಷ್ಟೇ ಟೀಚರ್ ಲೆಕ್ಕಕ್ಕೆ ಹಿಡಿದಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದುದನ್ನು ಮೂವತ್ತೊಂದು ಮಕ್ಕಳು ನೋಡಿದ್ದರು. ನೋಡಿಯೂ ವರ್ಷವಿಡೀ ಅವರಿಗೆ ನಮಸ್ಕಾರ ಹೇಳಿದ್ದರು.

"ಯಾಕೆ ಯಾರೂ ಕೇಳಲಿಲ್ಲ?" ಎಂದರು ಟೀಚರ್.

"ದೊಡ್ಡವರು ಹೇಳಿದ ಮೇಲೆ ಎದುರಾಡೋದು ಎಂಗಳಲ್ಲಿ ಇಲ್ಲೆ," ಅಂದಳು ತೇನ್ಮೊಳಿ. ಎಲೆ ಚೀಲವನ್ನು ಗೋಡೆಗೆ ಒರಗಿಸುತ್ತ, "ಆದರೆ ತಾತ ಎಲ್ಲರ ಎದುರೇ ಹೇಳೋರು. ಬಾಗಿಲು ಹಾಕಿ ಅಲ್ಲ."

ತಪ್ಪು ನನ್ನದು ಎಂದು ಟೀಚರ್ ಒಪ್ಪಿಕೊಂಡರು; ಆ ಮಾತು ಹೊರಬರುವುದಕ್ಕೆ ಹದಿನಾಲ್ಕು ವರ್ಷ ಬೇಕಾಯಿತು. ಗೊತ್ತು ಎಂಬಂತೆ ತೇನ್ಮೊಳಿ ತಲೆಯಾಡಿಸಿದಳು. ಆಮೇಲೆ ಟೀಚರ್ ಫಾರಂ ತೆಗೆದು, ಈಗಿನ ಎಣಿಕೆ ಹಾಗಲ್ಲ, ಎಲ್ಲ ಪಕ್ಷದವರೂ ಕೂತಿರುತ್ತಾರೆ, ಯಾರೂ ಒಬ್ಬರೇ ಎಣಿಸುವಂತಿಲ್ಲ, ನೀನೇ ಬೇಕಾದರೆ ವಿಚಾರಿಸು ಎಂದು ಬಿಡಿಸಿ ಬಿಡಿಸಿ ಹೇಳಿದರು. ನಂಬುವುದಿಲ್ಲ ಎಂದಾದರೂ ಅವಳು ಅನ್ನಲಿ, ಎದ್ದು ನಿಂತು ಒಂದು ಪ್ರಶ್ನೆಯಾದರೂ ಕೇಳಲಿ ಎಂದು ಅವರ ಜೀವ ಬಡಿದುಕೊಳ್ಳುತ್ತಿತ್ತು.

ತೇನ್ಮೊಳಿ ಪೂರ್ತಿ ಕೇಳಿಸಿಕೊಂಡಳು. ಪೆನ್ನು ತೆಗೆದುಕೊಂಡು, ಏನು ಬರೆದಿದೆ ಎಂದೂ ಓದದೆ, ಟೀಚರ್ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದಳು.

"ಸರಿ ಟೀಚರ್," ಅಂದಳು.