ಟೇಲರ್ ಕಳ್ಳನಲ್ಲ ಅಂದವರು

ನಾನು ಬರೆದ ಪುಸ್ತಕದಲ್ಲಿ ಹದಿನಾಲ್ಕು ವರ್ಷದ ಒಬ್ಬ ಮಾಟಗಾತಿ ಇದ್ದಾಳೆ. ಬಾದಾಮಿಯ ಹುಡುಗಿ. ಅವಳು ಮಂಗಗಳ ಜೊತೆ ಮಾತಾಡುತ್ತಾಳೆ, ಸತ್ತವರ ಚಪ್ಪಲಿ ಮುಟ್ಟಿ ಅವರ ಕೊನೆಯ ಮಾತು ಏನಿತ್ತೆಂದು ಹೇಳುತ್ತಾಳೆ, ಒಮ್ಮೆ ಹೊಂಡದ ನೀರಿನ ಮೇಲೆ ನಡೆದು ಆಚೆ ದಂಡೆ ಮುಟ್ಟಿ ಬರುತ್ತಾಳೆ. ಇದರಲ್ಲಿ ಯಾವುದಕ್ಕೂ ಒಬ್ಬ ಓದುಗನೂ ತಕರಾರು ತೆಗೆಯಲಿಲ್ಲ. ಎಲ್ಲರ ತಕರಾರು ಇದ್ದದ್ದು ಟೇಲರ್ ಬಗ್ಗೆ.

ಕಥೆ ಇಷ್ಟೇ. ಊರಿನ ಹೆಂಗಸರ ಇಳಕಲ್ ಸೀರೆಗಳ ಕೆಂಪು ಸೆರಗು, ಪೆಟ್ಟಿಗೆಯಲ್ಲಿ ಮಡಿಚಿಟ್ಟಲ್ಲೇ ಅಂಗೈ ಅಗಲ ಕತ್ತರಿಸಿಹೋಗುತ್ತಿರುತ್ತದೆ. ಊರವರು ಭಾನಾಮತಿ ಅನ್ನುತ್ತಾರೆ, ಈ ಹುಡುಗಿಯದೇ ಕೈವಾಡ ಅನ್ನುತ್ತಾರೆ. ಅವಳು ತನ್ನ ವಿದ್ಯೆಯಿಂದ ಪತ್ತೆ ಹಚ್ಚಿ, ಕೊನೆಯ ಅಧ್ಯಾಯದಲ್ಲಿ ಊರೆಲ್ಲ ಹೊಂಡದ ಮೆಟ್ಟಿಲ ಮೇಲೆ ಸೇರಿದಾಗ ಬೆರಳು ಮಾಡಿ ತೋರಿಸುತ್ತಾಳೆ. ಕಳ್ಳ ಟೇಲರ್. ನಾಟಕ ಕಂಪನಿಯ ರಾಣಿಯ ರವಿಕೆಗೆ ತೇಪೆ ಹಚ್ಚಲು ಅವನಿಗೆ ಕೆಂಪು ರೇಷ್ಮೆ ಬೇಕಾಗಿತ್ತಂತೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೀಟು ಹಾಕಿ ಹಾಕಿ ಕೈ ಪಳಗಿದೆ. ಆದರೆ ನಾನು ಬರೆದದ್ದಕ್ಕೆ ಬೇರೆಯವರು ಗೀಟು ಹಾಕಿದರೆ ಸಹಿಸಿಕೊಳ್ಳುವ ಗುಣ ಮಾತ್ರ ಬರಲೇ ಇಲ್ಲ. ನಾನು ಕೆಲಸ ಮಾಡಿದ ಶಾಲೆಯ ಗ್ರಂಥಾಲಯಕ್ಕೆ ಹೋಗಿ, ನನ್ನ ಪುಸ್ತಕವನ್ನು ಯಾರಾದರೂ ಓದಿದ್ದಾರೋ ಎಂದು ಕಳ್ಳತನದಿಂದ ತೆಗೆದು ನೋಡಿದೆ. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: “ಮಾಟಗಾತಿ ಭಾಳ ಚಲೋ ಅದಾಳ. ಕಳ್ಳ ಸಪ್ಪಗ ಅದಾನ.” ಅದರ ಕೆಳಗೆ ಬೇರೆ ಅಕ್ಷರದಲ್ಲಿ “ಖರೆ.” ಅದರ ಕೆಳಗೆ ಇನ್ನೊಬ್ಬಳು, “ಕಳ್ಳ ಯಾರಂತ ಟೀಚರ್‌ಗೂ ಗೊತ್ತಿಲ್ಲ ಅನಸ್ತೈತಿ.” ಪುಸ್ತಕಕ್ಕೆ ಗೀಚಬಾರದೆಂದು ಮೂವತ್ತು ವರ್ಷ ಹೇಳಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಮನೆಯ ತಿರುವಿನಲ್ಲಿ ಒಬ್ಬ ಟೇಲರ್ ಇದ್ದಾರೆ. ಓಣಿಯವರೆಲ್ಲ ಚಾಚಾ ಅನ್ನುತ್ತೇವೆ. ರವಿಕೆ ತರಲು ಹೋದಾಗ ಅವರು ಮಷೀನು ನಿಲ್ಲಿಸಿ, ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಮೇಡಮ್ಮಾರ, ನಿಮ್ಮ ಪುಸ್ತಕಾ ಓದಿದೆನ್ರಿ. ಹುಡುಗಿ ನೀರಿನ ಮ್ಯಾಲೆ ನಡೀತಾಳ, ನಡೀಲಿ ಬಿಡ್ರಿ, ಹುಡುಗಿ. ಆದ್ರ ಟೇಲರ್ ಆದಾವ ಸೆರಗ ಯಾಕ ಕತ್ತರಸ್ತಾನ್ರಿ? ನಾವು ಬ್ಲೌಸ್ ಪೀಸಿನಾಗ ಉಳದ ಅರಿವಿ ಇಟ್ಕೊಂತೀವಿ, ಅದು ಖರೆ. ಅದಕ್ಕ ಕಳವು ಅನ್ನಾಂಗಿಲ್ರಿ, ಅದು ಪದ್ಧತಿ.”

ಅಂದಿನಿಂದ ನನ್ನ ರವಿಕೆಗಳು ತಡವಾಗಿ ಬರತೊಡಗಿದವು. ಮೊದಲೂ ತಡವಾಗಿಯೇ ಬರುತ್ತಿದ್ದವು. ಈಗ ಚಾಚಾನಿಗೆ ಹೇಳಿಕೊಳ್ಳಲು ಒಂದು ಕಾರಣ ಸಿಕ್ಕಿತು, ಅಷ್ಟೆ.

ಬಾದಾಮಿಯಲ್ಲಿ ಶಾಲೆಯೊಂದರ ಕೋಣೆಯಲ್ಲಿ ಓದುಗರ ಸಭೆ ಸೇರಿಸಿ ನನ್ನನ್ನು ಕರೆದರು. ಗುಹೆಗಳ ಮೆಟ್ಟಿಲ ಬಳಿ ಪೇರಲ ಹಣ್ಣು ಮಾರುವ ಒಬ್ಬ ಹಿರಿಯರು ಬುಟ್ಟಿ ಸಮೇತ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊಮ್ಮಗಳು ಪುಸ್ತಕ ಓದಿ ಹೇಳಿದ್ದಳಂತೆ. “ನಮ್ಮ ಮಂಗ್ಯಾಗಳು ಮಾತಾಡ್ತಾವ ಅಂತ ಬರದೀರಿ, ಅದಕ್ಕ ನಂದೇನೂ ಇಲ್ರಿ ಅಕ್ಕಾರ. ಆದ್ರ ಅವು ‘ದಯವಿಟ್ಟು’ ಅಂತಾವ ಅಂತ ಬರದೀರಲ್ಲ, ಅದನ್ನ ತಗೀರಿ. ದಯವಿಟ್ಟು ಅನ್ನೂ ಮಂಗ್ಯಾನ ನಾ ನಲವತ್ತು ವರ್ಷದಾಗ ನೋಡಿಲ್ಲ,” ಅಂದರು. ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ನಗು ಮುಗಿಯುವ ತನಕ ಕಾದು ಅವರು ಮುಂದುವರಿಸಿದರು. “ಇನ್ನ ಆ ಟೇಲರ್...”

ಮರುವಾರ ಪ್ರಕಾಶಕರ ಫೋನು. ಬಾಗಲಕೋಟೆಯವರೇ, ಮುಲಾಜಿಲ್ಲದ ಮನುಷ್ಯ. “ಪುಸ್ತಕಾ ಖಾಲಿ ಆಗ್ಯಾವ್ರಿ ಮೇಡಮ್. ಎರಡನೇ ಸಲ ಅಚ್ಚ ಹಾಕೂಣು. ಆದ್ರ ಪತ್ರಾ ಬರದವರೆಲ್ಲ ಟೇಲರ್ ಒಪ್ಪವಲ್ಲರು. ಸೋಮವಾರದೊಳಗ ಕಳ್ಳನ್ನ ಬದಲಿ ಮಾಡಿ ಕೊಡ್ರಿ. ಆಗೂದಿಲ್ಲಂದ್ರ ಇದ್ದಾಂಗ ಹೊಡಸ್ತೀನಿ.”

ಕಳ್ಳನನ್ನು ಬದಲಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ನಿಜವಾದ ಕಳ್ಳಿ ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳು ಆಗ ಪ್ರಕಾಶಕರ ಫೋನು ಕಿವಿಗೆ ಹಿಡಿದುಕೊಂಡು ನಿಂತಿದ್ದಳು.

ಇದು ಬಾದಾಮಿಯ ಕಥೆಯೇ ಅಲ್ಲ. ಹುನಗುಂದದ ನಮ್ಮ ಗಲ್ಲಿಯದು. ಯಾರಿಗೂ ಗುರುತು ಹತ್ತಬಾರದೆಂದು ಗಲ್ಲಿಯನ್ನೇ ಎತ್ತಿ ಬಾದಾಮಿಯಲ್ಲಿ ಇಟ್ಟಿದ್ದೆ. ಆಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ನನ್ನ ಅರಿವೆ ಗೊಂಬೆಗೆ ಮದುವೆ ನಿಶ್ಚಯವಾಗಿತ್ತು, ಉಡಿಸಲು ಸೀರೆ ಇರಲಿಲ್ಲ. ಅವ್ವನ ಪೆಟ್ಟಿಗೆಯಲ್ಲಿ ಅವಳ ಮದುವೆಯ ಇಳಕಲ್ ಸೀರೆ ಇತ್ತು. ದೊಡ್ಡ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಸೆರಗಿನ ನಟ್ಟನಡುವೆ ಅಂಗೈ ಅಗಲ ಕತ್ತರಿಸಿ, ಸೀರೆಯನ್ನು ಮೊದಲಿನಂತೆಯೇ ಮಡಿಚಿಟ್ಟೆ. ಮಡಿಕೆ ಸರಿಯಾಗಿ ಕೂತರೆ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ಇತ್ತೋ ಏನೋ.

ಬೀಗರ ಮನೆಯ ಮದುವೆಗೆಂದು ಅವ್ವ ಸೀರೆ ಬಿಚ್ಚಿದಾಗ ಸೆರಗಿನಲ್ಲಿ ಕಿಟಕಿ. ಅವ್ವ ಕಿರುಚಿದಳು, ಪಕ್ಕದ ಮನೆಯಾಕೆ ಓಡಿ ಬಂದಳು, ನೋಡಿದವಳೇ “ಭಾನಾಮತಿ!” ಅಂದಳು. ಮಡಿಚಿಟ್ಟ ಅರಿವೆ ತಾನೇ ಹರಿಯುವುದು, ಮನೆ ಮೇಲೆ ಕಲ್ಲು ಬೀಳುವುದು, ಇವೆಲ್ಲ ಭಾನಾಮತಿಯ ಲಕ್ಷಣವೆಂದು ಗಲ್ಲಿಗೆಲ್ಲ ಗೊತ್ತು. ಮನೆಯಲ್ಲಿ ಯಾರ ಮೇಲೆ ಬಂದಿದೆ ಎಂದು ಹುಡುಕುವುದಕ್ಕೂ ಬಹಳ ಹೊತ್ತು ಬೇಕಾಗಲಿಲ್ಲ. ಅಕ್ಕನದು ಬೆಕ್ಕಿನ ಕಣ್ಣು. ಅದೂ ಅಲ್ಲದೆ, ಪಕ್ಕದ ಮನೆಯ ಎಮ್ಮೆ ಹೆಣ್ಣುಗರು ಹಾಕುತ್ತದೆ ಎಂದು ಅವಳು ಮೊದಲೇ ಹೇಳಿದ್ದಳು, ಹಾಗೇ ಆಗಿತ್ತು. ನಮ್ಮ ಗಲ್ಲಿಯಲ್ಲಿ ಒಂದು ಮಾತು ನಿಜವಾದರೆ ಸಾಕು, ಸುಳ್ಳಾದ ಹತ್ತನ್ನು ಯಾರೂ ನೆನಪಿಡುವುದಿಲ್ಲ.

ದಾರ ಮಂತ್ರಿಸುವ ಒಬ್ಬಾತನನ್ನು ಕರೆಸಿದರು. ಹನ್ನೊಂದು ದಿನ ಮುಂಜಾನೆ ಬರಿಹೊಟ್ಟೆಯಲ್ಲಿ ಒಂದು ಲೋಟ ಬೇವಿನ ರಸ ಕುಡಿಸಿರಿ ಅಂದ. ಕುಡಿಸಿದರು. ಅಕ್ಕ ಮೂಗು ಹಿಡಿದು ಕುಡಿಯುವುದನ್ನು ನೋಡಿ ನಾನು ಗೋಳೋ ಎಂದು ಅತ್ತೆ. “ಅಕ್ಕನ ಮ್ಯಾಲೆ ಎಷ್ಟ ಜೀವಾ ನೋಡ್ರಿ ಸಣ್ಣಾಕಿದು,” ಎಂದು ಅಜ್ಜಿ ನನ್ನ ತಲೆ ಸವರಿ ಕೈಗೆ ಬೆಲ್ಲ ಕೊಟ್ಟಳು. ನಾನು ಅಳುತ್ತಲೇ ತಿಂದೆ.

ಇದಕ್ಕಿಂತ ನಾಚಿಕೆಗೇಡಿನದು ಮುಂದಿದೆ. ಹೆದರಿ ಗೊಂಬೆಯನ್ನು ಜೋಳದ ಕಣಜದ ಹಿಂದೆ ಮುಚ್ಚಿಟ್ಟಿದ್ದೆ. ಮರುದಿನ ನೋಡಿದರೆ ಗೊಂಬೆ ಇಲ್ಲ. ಯಾರೂ ಏನೂ ಅನ್ನಲಿಲ್ಲ, ಬಯ್ಯಲಿಲ್ಲ, ಗೊಂಬೆ ಮಾತ್ರ ಮಾಯ. ಆಗ ಕತ್ತರಿ ಹಿಡಿದಿದ್ದ ನಾನೇ ಭಾನಾಮತಿಯನ್ನು ನಂಬಿಬಿಟ್ಟೆ. ದಿನಾಲೂ ಅಕ್ಕನ ಮಗ್ಗುಲಲ್ಲಿ ಮಲಗುತ್ತಿದ್ದವಳು ಹೊದಿಕೆ ಎತ್ತಿಕೊಂಡು ಅಜ್ಜಿಯ ಮಗ್ಗುಲಿಗೆ ಹೋದೆ.

ಅವ್ವ ತೀರಿಕೊಂಡು ಆರು ವರ್ಷವಾಯಿತು. ಅವಳಿಗೆ ಹೇಳಲೇ ಇಲ್ಲ. ಅಕ್ಕ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು, ಈಗ ನಿವೃತ್ತಳಾಗಿ ಹುನಗುಂದದಲ್ಲಿಯೇ ಇದ್ದಾಳೆ. ಪುಸ್ತಕದ ಮೊದಲ ಪ್ರತಿ ಅವಳಿಗೇ ಕಳಿಸಿದ್ದೆ. ಮೂರು ತಿಂಗಳಾದರೂ ಅಭಿಪ್ರಾಯ ಇಲ್ಲ. ಫೋನಿನಲ್ಲಿ ಕೇಳಿದರೆ “ಓದಾಕತ್ತೇನಿ” ಅನ್ನುತ್ತಾಳೆ. ಪತ್ರಿಕೆಯನ್ನು ಟೆಂಡರ್ ಜಾಹೀರಾತಿನ ತನಕ ಒಂದೇ ಸಲಕ್ಕೆ ಕೂತು ಓದಿ ಮುಗಿಸುವವಳು, ನೂರನಲವತ್ತು ಪುಟಕ್ಕೆ ಮೂರು ತಿಂಗಳು! ಊರೆಲ್ಲ ಬಂದು ಬಯ್ದರೂ ತಡೆದುಕೊಂಡೇನು, ಅವಳು ಓದಿ ನನ್ನ ಬಗ್ಗೆ ಏನಂದುಕೊಂಡಳು ಎಂಬುದೊಂದೇ ನನಗೆ ನಿದ್ದೆ ಕೆಡಿಸಿತ್ತು. ಹೇಳಿಬಿಡಬೇಕು, ಆಮೇಲೆ ಪುಸ್ತಕ ತಿದ್ದಬೇಕು ಎಂದು ಶನಿವಾರ ಬಸ್ಸು ಹತ್ತಿದೆ.

ಹುನಗುಂದ ಬಂದಾಗ ಇಳಿಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಗುರುತು ಹಿಡಿದಾರೆಂದು ಸೆರಗು ಮುಖಕ್ಕೆ ಎಳೆದುಕೊಂಡು ನೇರ ಇಳಕಲ್‌ಗೆ ಹೋದೆ. ಬರಿಗೈಯಲ್ಲಿ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಸೀರೆ ಹಿಡಿದುಕೊಂಡು ಒಪ್ಪಿಕೊಳ್ಳುವುದು ಸುಲಭ ಅನ್ನಿಸಿತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಅತ್ತೆ ಅಲ್ಲಿ ಮಗ್ಗ ಹೂಡಿದ್ದಾರೆ. ಸೊಸೆ ಓದಿ ಹೇಳಿದ ನನ್ನ ಪುಸ್ತಕವನ್ನು ಲಾಳಿ ಓಡಿಸುತ್ತಲೇ ಕೇಳಿ ಮುಗಿಸಿದ್ದರು. ಸೀರೆ ತೋರಿಸುವ ಮೊದಲೇ ಶುರುಮಾಡಿದರು.

“ಬಾಯಾರ, ಆ ಕಳ್ಳ ಟೇಲರ್ ಅಲ್ಲರಿ. ನೋಡ್ರಿ ಇಲ್ಲೆ, ನಮ್ಮ ಸೀರಿಯೊಳಗ ಮೈ ಹಾಸಿನ ನೂಲು ಬ್ಯಾರೆ, ಸೆರಗಿನ ಹಾಸಿನ ನೂಲು ಬ್ಯಾರೆ. ನಡುವ ಕೊಂಡಿ ಹಾಕಿ ಕೂಡಸ್ತೀವಿ. ಅರಿವಿ ಗೊತ್ತಿದ್ದಾವ ಆಗಿದ್ರ ಈ ಕೊಂಡಿ ಗುಂಟ ಕತ್ತರಿಸಿ ಇಡೀ ಸೆರಗ ಒಯ್ತಿದ್ದ. ನೀವು ಏನ್ ಬರದೀರಿ? ನಟ್ಟನಡುವ, ಅಂಗೈ ಅಗಲ, ಒಂದ್ ಬಾಜು ನೆಟ್ಟಗ, ಇನ್ನೊಂದ್ ಬಾಜು ಇಲಿ ಕಡದಾಂಗ. ಹೌದಿಲ್ಲೋ?”

“ಹೌದ್ರಿ,” ಅಂದೆ.

“ಕತ್ತರಿ ಒಂದ ಕೈಯಾಗ ಹಿಡಿಯಾಕ ಬರಲಾರದವರ ಕೆಲಸಾ ಅದು. ಸಣ್ಣ ಹುಡುಗಿ. ಗಂಡ ಹುಡುಗ ಆಗಿದ್ರ ಗಾಳಿಪಟದ ಬಾಲಂಗೋಸಿಗೆ ಉದ್ದಕ ಹರೀತಿದ್ದ. ಇದು ಗೊಂಬಿ ಸೀರಿ ಅಳತಿ.” ಆಮೇಲೆ ನನ್ನ ಮುಖ ನೋಡಿದರು. “ನೀವ್ಯಾಕ್ರಿ ಬೆವತೀರಿ? ಫ್ಯಾನ್ ಹಚ್ಚಲೇನು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು, ಬೆನ್ನು ಎಲ್ಲವನ್ನೂ ಮುಟ್ಟಿಕೊಂಡೆ. ಪುಸ್ತಕದಲ್ಲಿ ಕಳವನ್ನು ಟೇಲರ್ ತಲೆಗೆ ಕಟ್ಟುವಾಗ ಕತ್ತರಿಯ ಗುರುತು ಬದಲಿಸುವುದು ಮರೆತಿದ್ದೆ. ಚೌಕಾಸಿ ಮಾಡದೆ ಒಂದು ಸೀರೆ ತೆಗೆದುಕೊಂಡು ಓಡಿದೆ.

ಅಕ್ಕನ ಮನೆ ಮುಟ್ಟುವಾಗ ಮಧ್ಯಾಹ್ನ. ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಉಂಡಾದ ಮೇಲೆ ಸೀರೆ ಕೊಟ್ಟೆ. ಅವಳು ಬಣ್ಣ ನೋಡಲಿಲ್ಲ, ದಡಿ ನೋಡಲಿಲ್ಲ. ಸೆರಗನ್ನು ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಈ ತುದಿಯಿಂದ ಆ ತುದಿಯ ತನಕ ಕಣ್ಣಾಡಿಸಿದಳು.

“ಅಡ್ಡಿಯಿಲ್ಲ,” ಅಂದಳು, “ಪೂರಾ ಐತಿ.”

ನಾನು ಉಂಡ ತಾಟು ಎತ್ತಿಕೊಂಡು ಎದ್ದೆ.

“ನಿನ್ನ ಪುಸ್ತಕಾ ಮೂರ ಸಲ ಓದಿದೆ. ನಿನ್ನ ಮಾಟಗಾತಿ ದಡ್ಡಿ ಅದಾಳ.”

“ಯಾಕಕ್ಕಾ?”

“ಗೊತ್ತಾದ ಕೂಡಲೇ ಊರ ಮುಂದ ಬೆರಳ ಮಾಡಿ ತೋರಸ್ತಾಳ. ಖರೇ ಮಾಟಗಾತಿ ಹಂಗ ಮಾಡಾಂಗಿಲ್ಲ. ಗೊತ್ತಾದಮ್ಯಾಲೆ ಸುಮ್ಮನಿರಾಕಿನ ಮಾಟಗಾತಿ.” ಸೀರೆ ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. “ಗೊಂಬಿಗೆ ನಿರಿಗಿನೂ ಸರಿ ಹಿಡಿದಿರಲಿಲ್ಲ ನೀ. ನಾನ ಬಿಚ್ಚಿ ಸರಿ ಮಾಡಿ, ಹಿತ್ತಲದಾಗ ಹುಗದಿದ್ದೆ.”

ಅರವತ್ತೆರಡು ವರ್ಷದ ನಾನು ಒಂಬತ್ತು ವರ್ಷದವಳಂತೆ ಅಳತೊಡಗಿದೆ. ಅಕ್ಕನಿಗೆ ನಗು. ಯಾಕೆ ಹೇಳಲಿಲ್ಲ ಎಂದು ಬಿಕ್ಕುತ್ತಲೇ ಕೇಳಿದೆ.

“ಹೇಳಾಕಂತನ ಗೊಂಬಿ ತಗೊಂಡು ಒಳಗ ಹೊಂಟಿದ್ದೆ. ಆವತ್ತ ನನ್ನ ನೋಡಾಕ ವರನ ಕಡೆಯವರು ಬಂದಿದ್ರು, ನಿನಗ ನೆನಪಿಲ್ಲ. ಪಕ್ಕದ ಮನಿಯಾಕಿ ಬಂದು ಭಾನಾಮತಿ ಸುದ್ದಿ ಹೇಳಿದ್ಲು ನೋಡು, ಅವಲಕ್ಕಿ ಪ್ಲೇಟ್ ಬಿಟ್ಟು ಎದ್ದು ಓಡಿದ್ರು. ಆ ಅವಲಕ್ಕಿ ನಾನ ತಿಂದೆ. ಆಮ್ಯಾಲೆ ನಾಕ ವರ್ಷ ಯಾವ ವರಾನೂ ನಮ್ಮ ಗಲ್ಲಿ ಕಡೆ ಹಣಿಕಿ ಹಾಕಲಿಲ್ಲ. ಎಸ್ಸೆಸ್ಸೆಲ್ಸಿ ಮುಗೀತು, ನರ್ಸಿಂಗಿಗೂ ಹೋದೆ. ಇನ್ನ ಯಾಕ ಹೇಳಲಿ?”

ಇಬ್ಬರೂ ನಕ್ಕೆವು. ನನಗೆ ಮೈ ಹಗುರವಾಯಿತು, ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಅಕ್ಕ ನಗು ನಿಲ್ಲಿಸಿ ಕೇಳಿದಳು.

“ಬೇವಿನ ರಸದ್ದು ಏನೂ ಅನಸಲಿಲ್ಲ ನನಗ. ಒಂದ ಹೇಳು. ಕತ್ತರಿ ಇದ್ದದ್ದು ನಿನ್ನ ಕೈಯಾಗ. ನನ್ನ ಬಾಜು ಮಲಗೂದು ಯಾಕ ಬಿಟ್ಟಿ?”

ಈ ಪ್ರಶ್ನೆಯನ್ನು ಅವಳು ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದಳು. ಅವಳ ಬೆಕ್ಕಿನ ಕಣ್ಣಲ್ಲಿ ನೀರು ಇತ್ತು.

“ನೀ ಖರೇನ ಮಾಟಗಾತಿ ಆಗಿದ್ರ ನಾನ ಅಂತ ನಿನಗ ಗೊತ್ತಾಗಿಬಿಡ್ತೈತಿ ಅಂತ ಹೆದರಿದ್ದೆ, ಅಕ್ಕಾ.”

“ಗೊತ್ತಾಗಿತ್ತಲ್ಲ,” ಅಂದಳು. “ಏನ್ ಮಾಡಿದೆ ನಿನಗ?”

ಆ ಹನ್ನೊಂದು ದಿನವೂ ಅವಳು ಬೇವಿನ ಲೋಟ ಕೆಳಗಿಟ್ಟು, ಬಾಯಿ ಮುಕ್ಕಳಿಸಿ, ಶಾಲೆಗೆ ತಡವಾಗುತ್ತದೆಂದು ನನ್ನನ್ನು ಮುಂದೆ ಕೂಡಿಸಿಕೊಂಡು ತಲೆ ಬಾಚಿದ್ದು ನೆನಪಿಗೆ ಬಂತು. ಅವಳ ಉಸಿರಿನಲ್ಲಿ ಬೇವಿನ ವಾಸನೆ ಬರುತ್ತಿತ್ತು. ಈಗ ಅಕ್ಕ ಚಾಪೆ ಹಾಸಿ ಗೋಡೆಯ ಕಡೆ ಸರಿದು ಮಲಗಿದಳು. ನಾನೂ ಅವಳ ಮಗ್ಗುಲಲ್ಲಿ ಹೋಗಿ ಬಿದ್ದುಕೊಂಡೆ. ಗೊರಕೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸಮ.

ಸಂಜೆ ಚಹಾ ಕುಡಿದು ಪ್ರಕಾಶಕರಿಗೆ ಫೋನು ಮಾಡಿ, ಟೇಲರನನ್ನು ಬಿಟ್ಟುಬಿಡಿರಿ ಅಂದೆ. ಚಾಚಾನ ದಯೆಯಿಂದ ಇನ್ನಾದರೂ ರವಿಕೆ ಹೊತ್ತಿಗೆ ಸರಿಯಾಗಿ ಬರಲಿ.

“ಮತ್ತ ಕಳ್ಳ ಯಾರ್ರಿ?”

“ಮಾಟಗಾತಿ ತಂಗಿ.”

“ಭೇಷ್! ಇದು ಜಮಾಸ್ತೈತಿ ನೋಡ್ರಿ. ಮಾಟಗಾತಿಗೆ ಗೊತ್ತಾಗ್ತೈತೇನ?”

“ಗೊತ್ತಾಗ್ತೈತಿ.”

“ಗೊತ್ತಾದಮ್ಯಾಲೆ ಏನ್ ಮಾಡ್ತಾಳ ಅಕಿಗೆ?”

“ದಿನಾ ಮುಂಜಾನಿ,” ಅಂದೆ, “ಎರಡ ಜಡಿ ಹಾಕಿ ಸಾಲಿಗೆ ಕಳಸ್ತಾಳ.”