ಹಳೇ ಗಾಡಿ ಊಟಿ ಹತ್ತಿದ್ದು

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಗಾಳಿ ತಾಗಿದರೆ ಬಿಸಿ ವಸ್ತು ಯಾಕೆ ಬೇಗ ಆರುತ್ತದೆ ಎಂಬುದನ್ನು ಪ್ರತಿ ವರ್ಷ ಮೂರು ಸೆಕ್ಷನ್ನಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಆ ಪಾಠ ನನಗೇ ಅರ್ಥವಾದದ್ದು ಮಾತ್ರ ಗೂಡಲೂರು ಘಾಟಿಯಲ್ಲಿ, ಒಬ್ಬ ಅಡುಗೆಯವನ ಬಾಯಿಂದ. ನಾಚಿಕೆಗೇಡಿನ ವಿಷಯವೇ ಸರಿ. ಆದರೂ ನಿಮ್ಮ ಹತ್ತಿರ ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ, ಯಾಕೆಂದರೆ ಕೊನೆಗೆ ಗೆದ್ದದ್ದು ನಾವೇ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳಲ್ಲಿ ಒಂದು ಪಿಕಪ್ಪನ್ನು ಅಪ್ಪ ತಂದಿದ್ದರು. ಹಳ್ಳಿಯ ಜಮೀನಿನಿಂದ ಬದನೆ, ಹುರುಳಿಕಾಯಿ ಮಾರ್ಕೆಟ್ಟಿಗೆ ಸಾಗಿಸುವುದು ಅದರ ಕಸುಬು. ಅಪ್ಪ ತೀರಿಕೊಂಡ ಮೇಲೆ ಜಮೀನು ಚಿಕ್ಕಪ್ಪ ನೋಡಿಕೊಂಡರು, ಗಾಡಿ ನನ್ನ ಪಾಲಿಗೆ ಬಂತು. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಅದನ್ನು ಸ್ಟಾರ್ಟ್ ಮಾಡಿದರೆ ಎದುರುಮನೆಯವರು ಒಣಹಾಕಿದ ಹಪ್ಪಳ ಬಾಚಿಕೊಂಡು ಒಳಗೆ ಓಡುತ್ತಿದ್ದರು. ಎಡಗಡೆಯ ಬಾಗಿಲಿಗೆ ಹಗ್ಗವೇ ಚಿಲಕ. ಆದರೆ ಬ್ರೇಕು ಹಿಡಿಯುತ್ತಿತ್ತು, ನಾನು ಅದನ್ನು ಪ್ರೀತಿಸುತ್ತಿದ್ದೆ. ಒಂದು ಗಾಡಿಗೆ ಇನ್ನೇನು ಬೇಕು?

ಹೀಗಿರುವಾಗ ತಂಗಿ ಜಯಳಿಗೆ ಊಟಿಯ ಸಂಬಂಧ ಕೂಡಿಬಂತು. ಗಂಡಿನ ಅಜ್ಜಿಗೆ ಘಾಟಿ ಇಳಿಯಲು ಆಗುತ್ತಿರಲಿಲ್ಲವಾದ್ದರಿಂದ ಮದುವೆ ಅಲ್ಲೇ ಎಂದಾಯಿತು. ಊಟ ಮಾತ್ರ ಹೆಣ್ಣಿನವರಾದ ನಮ್ಮದು. ಅಡುಗೆ ನಂಜಪ್ಪ, ಅವನ ಇಬ್ಬರು ಸಹಾಯಕರು, ಕೊಳಗ, ಕಡಾಯಿ, ಅಕ್ಕಿ, ಬೇಳೆ ಎಲ್ಲವೂ ವರಪೂಜೆಯ ಸಂಜೆಯೊಳಗೆ ಮೇಲಿರಬೇಕು. ಅಕ್ಕನ ಗಂಡ, ನಮ್ಮ ಬಾವ, "ಒಂದು ಒಳ್ಳೇ ಲಾರಿ ಗೊತ್ತು ಮಾಡೋ. ಆ ಡಬ್ಬ ಘಾಟಿ ಹತ್ತಲ್ಲ" ಎಂದರು. ಡಬ್ಬ ಅಂದದ್ದಕ್ಕೇ ನನಗೆ ಹಟ ಬಂತು. ಬಾವ, ಅಕ್ಕ, ಮದುಮಗಳು, ನೆಂಟರಿಷ್ಟರು ಹಿಂದಿನ ದಿನವೇ ಬಸ್ಸಿನಲ್ಲಿ ಹೋದರು. ಬಸ್ಸು ಹತ್ತಿದರೆ ವಾಂತಿಯಾಗುವ ಅವ್ವ ನನ್ನ ಜೊತೆ ಉಳಿದಳು.

ಹೊರಡುವ ಬೆಳಿಗ್ಗೆ ಅವ್ವ ಗಾಡಿಗೆ ಪೂಜೆ ಮಾಡಿದಳು. ಆಯುಧಪೂಜೆಯಲ್ಲೂ ನಾನು ಅಂಥ ಅಲಂಕಾರ ಕಂಡಿರಲಿಲ್ಲ. ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರವನ್ನು ಗಾಡಿಯ ಮೂತಿಗೆ ಅಡ್ಡಡ್ಡ ನಾಲ್ಕು ಸುತ್ತು ಸುತ್ತಿ, ಸಂದಿಯಲ್ಲೆಲ್ಲ ಮಾವಿನ ಸೊಪ್ಪು ಸಿಕ್ಕಿಸಿದ್ದಳು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟೆವು. ವಿಜ್ಞಾನದ ಮೇಷ್ಟ್ರಾದ ನಾನು ಆ ಅಲಂಕಾರ ನೋಡಿ ಹಿಗ್ಗಿದೆನೇ ಹೊರತು ಬೇರೆ ಯೋಚನೆ ಬರಲಿಲ್ಲ.

ಗುಂಡ್ಲುಪೇಟೆ, ಬಂಡೀಪುರ ದಾಟುವವರೆಗೆ ರಾಜಮರ್ಯಾದೆ. ಘಾಟಿ ಶುರುವಾಯಿತು ನೋಡಿ, ಗಾಡಿಯ ವಯಸ್ಸು ಗೊತ್ತಾಯಿತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಇಂಜಿನ್ನಿಗೂ ಉಸಿರು ಸಾಲದು. ಫಸ್ಟ್ ಗೇರಿನಲ್ಲಿ ಗೊಣಗುತ್ತ, ಕರಿ ಹೊಗೆ ಬಿಡುತ್ತ, ಹತ್ತು ತಿರುವಿನಲ್ಲಿ ಮೂರು ಸಲ ರೇಡಿಯೇಟರ್ ಕುದಿಯಿತು. ಕೈಲಾಸದಂಥ ಎತ್ತರದಲ್ಲಿ ಸಂಸಾರ ಹೂಡಿದ ಶಿವ ಯಾಕೆ ಎತ್ತನ್ನೇ ಇಟ್ಟುಕೊಂಡ ಎಂಬುದು ನನಗೆ ಆಗ ಹೊಳೆಯಿತು. ನಂಜಪ್ಪ ಪ್ರತಿ ಸಲವೂ ಮದುವೆಯ ಕೊಳಗದಲ್ಲಿ ಝರಿಯ ನೀರು ತಂದ. ಆರಲಿ ಎಂದು ಕಾಯುವುದು, ನೀರು ಹೊಯ್ಯುವುದು, ಅರ್ಧ ಮೈಲಿ ಹೋಗುವುದು, ಮತ್ತೆ ಬುಸ್ಸೆನ್ನುವುದು. ಹೊತ್ತು ಇಳಿಯತೊಡಗಿತು. ಬರಿಯ ಒಲೆಯ ಮುಂದೆ ಬೀಗರು ಹಸಿದು ಕೂತಂತೆ, ನಮ್ಮ ಜಯ ಅವರ ಮುಂದೆ ತಲೆ ತಗ್ಗಿಸಿ ನಿಂತಂತೆ ಕಣ್ಣಿಗೆ ಕಟ್ಟಿತು. ಬಾವ ಹೇಳಿದ್ದನ್ನು ಕೇಳಬಾರದಿತ್ತೇ!

ನಾಲ್ಕನೆಯ ಸಲ ನಿಂತಾಗ ನಂಜಪ್ಪ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಮೂತಿಯನ್ನೇ ನೋಡಿದ.

"ಮೇಷ್ಟ್ರೇ, ಬೇಜಾರ್ ಮಾಡ್ಕೋಬ್ಯಾಡಿ. ಪಾಯಸ ಆರ್ಬೇಕು ಅಂದ್ರೆ ನಾವು ಮುಚ್ಚಳ ತೆಗೀತೀವಿ. ನೀವು ನೋಡಿದ್ರೆ ಗಾಳಿ ಹೋಗೋ ಕಡೆ ಅಷ್ಟೂ ಹೂವ ಮುಚ್ಬುಟ್ಟು, ಆರ್ಲಿ ಅಂತ ಕಾಯ್ತಾ ಕೂತಿದ್ದೀರಿ."

ಅಯ್ಯೋ ನನ್ನ ವಿದ್ಯೆಯೇ! ಹಾರ ಬಿಚ್ಚಲು ಕೈ ಹಾಕಿದೆ. ಅವ್ವ ಅಡ್ಡ ಬಂದಳು.

"ಪೂಜೆ ಹಾರ ಕಣೋ ಅದು! ಮದ್ವೆಗೆ ಹೊಂಟ ಗಾಡಿದು ಅರ್ಧ ದಾರೀಲಿ ಕಿತ್ತಾಕ್ತಾರಾ? ನನ್ ಮಗಳ ಬಾಳು ಏನಾಗ್ಬೇಕು?"

ಅವಳ ಕಣ್ಣಲ್ಲಿ ನೀರಿತ್ತು. ಹಾರಕ್ಕೆ ಹಾಕಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನಂಜಪ್ಪ ಮತ್ತೆ ನೀರು ತಂದು ಹೊಯ್ಯಲು ಹೊರಟ. ಅವ್ವ ಅದನ್ನು ನೋಡುತ್ತ ನೋಡುತ್ತ ಏನೋ ಯೋಚಿಸಿದಳು.

"ತಾಳಪ್ಪ ನಂಜಪ್ಪ. ದ್ಯಾವ್ರಿಗೂ ನೀರು ಹೊಯ್ಯೋ ಮುಂಚೆ ಹೂವ ತೆಗೀತೀವಲ್ವಾ? ಅಭಿಷೇಕ ಅಂದ್ಕಂಡ್ರೆ ಆಯ್ತು, ಬುಡು."

ತಾನೇ ಮುಂದೆ ಹೋಗಿ ಹಾರ ಬಿಚ್ಚಿದಳು. ಒಂದೊಂದೇ ಸುತ್ತು ಬಿಡಿಸಿ, ಕಣ್ಣಿಗೊತ್ತಿಕೊಂಡು, ಝರಿಯಲ್ಲಿ ಬಿಟ್ಟಳು. ಆಮೇಲೆ ನಮ್ಮ ಕಡೆ ತಿರುಗಿ, "ಈಗ ಹೊಯ್ಯಿ" ಎಂದಳು. ಆ ಗಳಿಗೆಯಲ್ಲಿ ನನ್ನ ಅವ್ವನಷ್ಟು ಬುದ್ಧಿವಂತೆ ಈ ಭೂಮಿಯ ಮೇಲೆ ಇನ್ನೊಬ್ಬಳಿಲ್ಲ ಅನ್ನಿಸಿತು.

ಆಮೇಲೆ ಗಾಡಿ ಹತ್ತಿದ ಪರಿಯನ್ನು ಏನೆಂದು ಹೇಳಲಿ! ವೇಗವೇನೂ ಬರಲಿಲ್ಲ, ಪಕ್ಕದಲ್ಲಿ ಸೌದೆ ಹೊತ್ತು ನಡೆಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ಹಿಂದೆ ಹಾಕಿದಳು. ಆದರೆ ನಿಲ್ಲಲಿಲ್ಲ. ನಡುವಟ್ಟಂ ಊರೂ ದಾಟಿತು. ತಣ್ಣನೆಯ ಗಾಳಿ ಮೂತಿಗೆ ಬಡಿದಷ್ಟೂ ಇಂಜಿನ್ನು ಹದವಾಗಿ ಗುರುಗುಟ್ಟಿತು. ಹಿಂದೆ ಪಾತ್ರೆಗಳು ಝಣಝಣ ಅನ್ನುತ್ತಿದ್ದವು, ನಂಜಪ್ಪನ ಸಹಾಯಕರು ತಿರುವಿಗೊಂದು ಗೋವಿಂದ ಹಾಕುತ್ತಿದ್ದರು. ನಾನೂ ಗಂಟಲು ಹರಿಯುವಂತೆ ಕೂಗಿದೆ. ಹೆಡ್‌ಮಾಸ್ಟರ್ ಕಂಡಿದ್ದರೆ ಏನೆನ್ನುತ್ತಿದ್ದರೋ!

ಮುಸ್ಸಂಜೆಗೆ ಮದುವೆ ಮನೆಯ ಏರು ಹತ್ತಿ ನಿಂತೆವು. ಜಯ ಒಳಗಿಂದ ಓಡಿ ಬಂದು, ಬಿಸಿ ಬಾನೆಟ್ಟಿನ ಮೇಲೆ ಕೈಯಿಟ್ಟು ಅತ್ತುಬಿಟ್ಟಳು. ಡಬ್ಬ ಎಂದಿದ್ದ ಬಾವ ತಾವೇ ಮುಂದೆ ಬಂದು ಕೊಳಗ ಇಳಿಸಲು ಕೈ ಕೊಟ್ಟರು. ಗಂಡಿನ ದೊಡ್ಡಪ್ಪ ಗಾಡಿಯನ್ನು ಒಂದು ಸುತ್ತು ಹಾಕಿ, ಹಗ್ಗದ ಚಿಲಕ ಮುಟ್ಟಿ ನೋಡಿ ಬೆರಗಾದರು.

"ಅಲ್ರೀ, ಇದನ್ನ ಇಲ್ಲೀ ತನಕ ಹತ್ತಿಸಿದವ್ರು ಯಾರು?"

ನಂಜಪ್ಪನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು, ಅವ್ವನದೂ ಇತ್ತು. ಅಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನನ್ ಮಗ ಕಣ್ರೀ. ಸೈನ್ಸು ಓದವ್ನೆ. ಅವ್ನಿಗೆ ಗೊತ್ತಿಲ್ದಿರೋದು ಯಾವ್ದೂ ಇಲ್ಲ."

ನಂಜಪ್ಪ ಬೇಳೆ ಮೂಟೆ ಹೊತ್ತು ನಿಂತಿದ್ದವನು ನನ್ನ ಮುಖ ನೋಡಿ, "ಊಂ ಸ್ವಾಮಿ, ದಿಟ" ಅಂದ. ಆಮೇಲೆ ಅಡುಗೆಮನೆಗೆ ಹೋಗಿ ನಾನು ಅವನಿಗೆ ಕೈ ಮುಗಿದೆ, ಅವನು ನಕ್ಕ. ದಿನಬೆಳಗಾದರೆ ಮಕ್ಕಳ ತಪ್ಪು ತಿದ್ದಿಯೇ ನಾನು ಅನ್ನ ತಿನ್ನುವುದು; ಅವ್ವ ಮಾಡಿದ ಆ ಒಂದು ತಪ್ಪನ್ನು ಮಾತ್ರ ಇವತ್ತಿನವರೆಗೂ ತಿದ್ದಿಲ್ಲ.