ಭಾನುವಾರಕ್ಕೆ ಎತ್ತಿಟ್ಟ ಜನ

ಟೈಲರಕ್ಕನಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೇ. ಕತ್ತಲಲ್ಲಿ ಕೂತರೆ ನಿದ್ದೆ ಬರುತ್ತದೆ, ಅಷ್ಟು ಹೊತ್ತಿನಲ್ಲಿ ಒಂದು ಜೊತೆ ಯೂನಿಫಾರಂ ಹೊಲಿದು ಮುಗಿಸಬಹುದಲ್ಲ ಎನ್ನುವವಳು. ಆದರೆ ತಮ್ಮ ಹುಟ್ಟಿದ್ದೇ ಆ ಹುಚ್ಚು ಹೊತ್ತುಕೊಂಡು. ಅಮ್ಮ ಕಣ್ಣು ಮುಚ್ಚಿದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಅಪ್ಪ ಅದಕ್ಕೂ ಮೊದಲೇ ಹೇಳದೆ ಕೇಳದೆ ಎದ್ದು ಹೋಗಿದ್ದ. ಅಂದಿನಿಂದ ಹೊಲಿಗೆ ಯಂತ್ರ ತುಳಿದು ತುಳಿದೇ ಅವಳು ತಮ್ಮನನ್ನು ದೊಡ್ಡವನನ್ನಾಗಿ ಮಾಡಿದಳು. ಮದುವೆ ಮಾತು ಬಂದಾಗಲೆಲ್ಲ "ಮೊದಲು ಇವನದೊಂದು ದಾರಿಯಾಗಲಿ" ಎಂದಳು. ಅವನ ದಾರಿ ಆಗುವಷ್ಟರಲ್ಲಿ ಮಾತು ತರುವವರೇ ಇಲ್ಲವಾದರು. ಇದನ್ನು ಯಾರಾದರೂ ಕನಿಕರದಿಂದ ಎತ್ತಿದರೆ ಮಾತ್ರ ಅವಳ ಕೋಪ ಮೂಗಿನ ತುದಿಗೇ ಬರುತ್ತಿತ್ತು. "ನಿಮ್ಮ ಅಳತೆ ಕೊಡೋಕೆ ಬಂದಿದ್ದೀರ, ಕೊಡಿ. ನನ್ನ ಅಳತೆ ತಗೋಬೇಡಿ" ಎಂದು ಟೇಪು ಎಳೆಯುತ್ತಿದ್ದಳು.

ತಮ್ಮ ಬೇರೆಯವರ ಸಿನಿಮಾಗಳಲ್ಲಿ ಸಹಾಯಕನಾಗಿ ಸವೆದ. ಹೀರೋ ತಲೆಗೆ ಕೊಡೆ ಹಿಡಿದ, ಜನ ಸೇರದಂತೆ ಹಗ್ಗ ಹಿಡಿದ, ಬೈಗುಳ ತಿಂದ. ಬೀದಿಯವರು ತಮಾಷೆಗೆ 'ಡೈರೆಕ್ಟರೇ' ಎಂದು ಕರೆಯುತ್ತಿದ್ದರು. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ಒಂದು ದಿನ ಅಂಗಡಿ ಬಾಗಿಲಲ್ಲಿ ನಿಂತು, "ಅಕ್ಕಾ, ನಂದೇ ಒಂದು ಸಿನಿಮಾ ಮಾಡ್ತೀನಿ" ಎಂದ.

"ದುಡ್ಡು?"

"ಇಲ್ಲ."

"ಹೀರೋ?"

"ಇಲ್ಲ."

"ಮತ್ತೇನು ಮಣ್ಣು ಇದೆ ನಿನ್ಹತ್ರ?"

"ನೀನಿದ್ದೀಯ. ಈ ಬೀದಿ ಇದೆ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಿಂಗೆ ಹಾಸಿಗೇನೇ ಇಲ್ವಲ್ಲೋ, ಎಲ್ಲಿ ಚಾಚ್ತೀಯ?" ಎಂದು ಮನಸಾರೆ ಬೈದಳು. ಬೈದು ಮುಗಿದ ಮೇಲೆ, ಮಾರನೆಯ ದಿನ ಅಂಗಡಿಯ ಅರ್ಧಭಾಗವನ್ನು ಖಾಲಿ ಮಾಡಿ ಅವನಿಗೆ ಬಿಟ್ಟುಕೊಟ್ಟಳು. ಅವಳ ಬೈಗುಳದ ಬೆಲೆಯೇ ಅಷ್ಟು.

ಕಥೆ ದೊಡ್ಡದೇನಲ್ಲ. ಗಂಡ ಬಿಟ್ಟುಹೋದ ಒಬ್ಬ ಹೆಂಗಸು, ಅವಳ ಅಂಗಡಿ, ಅವಳ ಬೀದಿ. ಆ ಹೆಂಗಸಿನ ಪಾತ್ರಕ್ಕೆ ಗೊತ್ತು ಮಾಡಿದ್ದ ನಟಿ ಬಂದು, ಬಟ್ಟೆ ಬದಲಿಸಲು ಜಾಗ ಕೇಳಿ, ಅಡಿಗೆಮನೆ ತೋರಿಸಿದ್ದಕ್ಕೆ ಬಂದ ಆಟೋದಲ್ಲೇ ತಿರುಗಿ ಹೋದಳು. ತಮ್ಮನೋ ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ ಅಕ್ಕನ ಮುಖವನ್ನೇ ನೋಡತೊಡಗಿದ.

"ನನ್ನ ಯಾಕೆ ಹಾಗೆ ನೋಡ್ತೀಯ? ನಂಗೆ ನಟನೆ ಗಿಟನೆ ಬರಲ್ಲ."

"ನಟಿಸಬೇಡಕ್ಕಾ. ಸುಮ್ಮನೆ ಹೊಲೀತಾ ಕೂತಿರು."

ಹೀಗೆ ಅವಳು ನಾಯಕಿಯಾದಳು. ಬೆಳಿಗ್ಗೆ ಎಲ್ಲರಿಗೂ ಟೀ ಕಾಸುವುದು, ಆಮೇಲೆ ಕ್ಯಾಮೆರಾ ಮುಂದೆ ಅಳುವುದು, ಅತ್ತ ಮುಖ ತೊಳೆದು ಮಧ್ಯಾಹ್ನದ ಊಟಕ್ಕೆ ಅಕ್ಕಿ ಹಾಕುವುದು. ಉಡುಪಿನ ಕೆಲಸವೂ ಅವಳದೇ. ಒಂದೇ ಥರದ ಎರಡು ಅಂಗಿ ಹೊಲಿದು, ಮೊದಲನೆಯದರ ಮೇಲೆ ಬಿದ್ದ ಎಣ್ಣೆಯ ಕಲೆಯನ್ನು ಎರಡನೆಯದರ ಮೇಲೂ ಅದೇ ಜಾಗದಲ್ಲಿ ಹಾಕುತ್ತಿದ್ದಳು.

ಧ್ವನಿಯನ್ನು ಅಲ್ಲೇ ಹಿಡಿಯಬೇಕು, ಆಮೇಲೆ ಸ್ಟುಡಿಯೋದಲ್ಲಿ ಮಾತು ಸೇರಿಸುವಷ್ಟು ಶಕ್ತಿಯಿಲ್ಲ. ಸೌಂಡಿನ ಹುಡುಗನಿಗೆ ಬೀದಿಯವರು 'ಕಿವಿ' ಎಂದು ಹೆಸರಿಟ್ಟರು. ಕಿವಿ ಕೈ ಎತ್ತಿದರೆ ಗ್ಯಾರೇಜಿನ ಮೇಸ್ತ್ರಿ ಸುತ್ತಿಗೆ ಕೆಳಗಿಡುತ್ತಿದ್ದ. ಪೇಂಟರಿನ ಹೆಂಡತಿ ಕುಕ್ಕರ್ ಆರಿಸುತ್ತಿದ್ದಳು. ಮೂಲೆಮನೆ ಅಜ್ಜಿ ಕೆಮ್ಮು ಬಂದರೆ ಬಾಯಿಗೆ ಬಟ್ಟೆ ತುರುಕಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಯಾರಿಗೂ ಒಂದು ಕಾಸು ಕೊಟ್ಟಿರಲಿಲ್ಲ, ಆದರೂ ಎಲ್ಲರೂ 'ನಮ್ಮ ಪಿಚ್ಚರ್' ಎನ್ನುತ್ತಿದ್ದರು. ಹಾಗೆ ನೋಡಿದರೆ ಅದು ನಿಜವೂ ಆಗಿತ್ತು.

ಎಡಿಟಿಂಗ್ ಒಳಕೋಣೆಯಲ್ಲಿ ನಡೆಯಿತು. ತಮ್ಮ ಎಷ್ಟು ಕರೆದರೂ ಅವಳು ಬಂದು ನೋಡಲಿಲ್ಲ. "ಗುಂಡಿ ಕಾಜ ಆಗದ ಅಂಗೀನ ನಾನು ಗಿರಾಕಿಗೆ ತೋರಿಸಲ್ಲ. ಪೂರ್ತಿ ಆಗ್ಲಿ, ಪರದೆ ಮೇಲೇ ನೋಡ್ತೀನಿ."

ಸಿನಿಮಾ ಪೂರ್ತಿಯಾಯಿತು. ಸೆನ್ಸಾರ್ ಸರ್ಟಿಫಿಕೇಟೂ ಬಂತು. ನಿಜವಾದ ಗ್ರಹಚಾರ ಶುರುವಾದದ್ದು ಅಲ್ಲಿಂದ. ಮಾಡುವುದು ಕಷ್ಟ ಎಂದುಕೊಂಡಿದ್ದರು ಪಾಪ, ತೋರಿಸುವುದು ಅದರಪ್ಪ. ಚಿತ್ರೋತ್ಸವಗಳಿಂದ ಒಂದೇ ಅಚ್ಚಿನ ನಯವಾದ ನಿರಾಕರಣೆ ಬಂತು. ಫೋನಿನಲ್ಲಿ ಸಿನಿಮಾ ತೋರಿಸುವ ಕಂಪನಿಯವರು, "ಥಿಯೇಟರಲ್ಲಿ ಒಂದು ವಾರ ಓಡಲಿ, ಖಂಡಿತ ತಗೋತೀವಿ" ಎಂದರು. ಥಿಯೇಟರಿನವರು, "ಅವರು ತಗೊಂಡಿದ್ದಾರಾ? ಹೆಸರಿರೋ ಮುಖ ಯಾವುದಿದೆ?" ಎಂದರು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು. ಅಲೆದು ಅಲೆದು ಚಪ್ಪಲಿ ಸವೆದ ಮೇಲೆ, ಊರಾಚೆಯ ಮಾಲ್ ಒಂದರಲ್ಲಿ ಒಂದೇ ಒಂದು ಪರದೆ, ದಿನಕ್ಕೊಂದು ಬೆಳಗಿನ ಆಟ ಸಿಕ್ಕಿತು.

ಅಂದು ಊಟಕ್ಕೆ ಕೂತಾಗ ತಮ್ಮ ಬಿಡಿಸಿ ಹೇಳಿದ. "ಒಂದು ವಾರ ನಿಂತ್ರೆ ಸಾಕಕ್ಕಾ, ಕಂಪನಿಯವರು ತಗೋತಾರೆ. ನಿಲ್ಲಲಿಲ್ವಾ, ಸಿನಿಮಾ ಸತ್ತ ಹಾಗೇ. ನಾನೂ ಇನ್ನು ಆ ಕಡೆ ತಲೆ ಹಾಕಿ ಮಲಗಲ್ಲ."

"ನಿಲ್ಲಬೇಕು ಅಂದ್ರೆ?"

"ಮೊದಲ ಮೂರು ದಿನ ನೋಡ್ತಾರೆ. ಶುಕ್ರ, ಶನಿ, ಭಾನು. ಜನ ಬಂದ್ರೆ ಇಡ್ತಾರೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವಳು ತಿಳಿದುಕೊಂಡದ್ದು ಹೊಲಿಗೆಯವಳ ಹಾಗೆ. ಅವಳ ಕಸುಬಿನಲ್ಲಿ ಮೊದಲ ದಿನಕ್ಕೆ ಬೆಲೆಯಿಲ್ಲ. ಬಟ್ಟೆ ಕತ್ತರಿಸುವಾಗ ಗಿರಾಕಿ ಗೊಣಗುತ್ತಾನೆ, ಟ್ರಯಲ್‌ಗೆ ಬಂದಾಗ ಮುಖ ಸಿಂಡರಿಸುತ್ತಾನೆ. ಕೊಡುವ ದಿನ ಮೈಗೆ ಸರಿಯಾಗಿ ಕೂತರೆ ಹಿಂದಿನದೆಲ್ಲ ಮರೆತು ನಗುತ್ತಾ ಹೋಗುತ್ತಾನೆ. ಮೂರು ದಿನ ನೋಡುತ್ತಾರೆ ಎಂದರೆ ಮೂರನೆಯ ದಿನವೇ ತೀರ್ಮಾನ ಎಂದು ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಬೀದಿಯವರಿಗೆ ರಜೆಯೂ ಭಾನುವಾರವೇ. ಶುಕ್ರವಾರ ಬರಬೇಕೆಂದರೆ ಅರ್ಧ ಜನ ಕೂಲಿ ಬಿಡಬೇಕು.

ಮನೆಮನೆಗೆ ಹೋಗಿ ಹೇಳಿದಳು. ಗ್ಯಾರೇಜಿನ ಮೇಸ್ತ್ರಿ, "ಅದೇನಕ್ಕಾ ಭಾನುವಾರ? ನಾನು ಶುಕ್ರವಾರವೇ ಶೆಟರ್ ಎಳೆದು ಬರ್ತೀನಿ, ನಮ್ಮ ಹುಡುಗರನ್ನೂ ಕರ್ಕೊಂಡು" ಎಂದ.

ಅವಳೇ ತಡೆದಳು. "ಬೇಡಪ್ಪಾ. ಅಲ್ಲೊಬ್ರು ಇಲ್ಲೊಬ್ರು ಕೂತ್ರೆ ಏನು ಚೆಂದ? ಭಾನುವಾರ ಇಡೀ ಬೀದಿ ಒಟ್ಟಿಗೆ ನುಗ್ಗೋಣ. ಹೌಸ್‌ಫುಲ್ ಬೋರ್ಡು ಬೀಳಬೇಕು. ಅವನ ಮುಖ ನೋಡಬೇಕು ನಾನು. ಅವನಿಗೆ ಮಾತ್ರ ಯಾರೂ ಬಾಯಿ ಬಿಡ್ಬೇಡಿ."

ಇತ್ತ ತಮ್ಮನೂ ಕಿವಿಯೂ ಅಂಟಿನ ಬಕೆಟ್ಟು ಹಿಡಿದು ಗೋಡೆಗೋಡೆ ಸುತ್ತಿದರು. ಬೆಳಿಗ್ಗೆ ಅಂಟಿಸಿದ ಪೋಸ್ಟರಿನ ಮೇಲೆ ಮಧ್ಯಾಹ್ನಕ್ಕೆ ದೊಡ್ಡ ಹೀರೋನ ಮುಖ ಬಂದು ಕೂರುತ್ತಿತ್ತು. ಟ್ರೈಲರನ್ನು ಗೊತ್ತಿದ್ದವರಿಗೆಲ್ಲ ಕಳಿಸಿದರು. ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಹೆಬ್ಬೆರಳು ಎತ್ತಲು ಟಿಕೆಟ್ ಬೇಕಿಲ್ಲವಲ್ಲ, ಯಾರಪ್ಪನ ಗಂಟು ಹೋಗುತ್ತದೆ! ಅಕ್ಕ ಹೊಲಿದು ಕೊಡುವ ಪ್ರತಿ ಬಟ್ಟೆಯ ಕವರಿನೊಳಗೆ ಒಂದು ಕರಪತ್ರ ಇಟ್ಟು ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ತಮ್ಮ ಅವಳೇ ಹೊಲಿದ ಹೊಸ ಅಂಗಿ ಹಾಕಿಕೊಂಡು ನಿಂತ. "ನೀನೂ ಬಾರಕ್ಕಾ."

"ಸ್ಕೂಲಿನ ಬಟ್ಟೆ ಕೊಡೋದಿದೆ ಕಣೋ. ನೀ ಹೋಗು" ಎಂದಳು, ಯಂತ್ರದಿಂದ ತಲೆ ಎತ್ತದೆ. ಎತ್ತಿದರೆ ನಗು ಹೊರಗೆ ಬಂದುಬಿಡುತ್ತದೆ ಎಂಬ ಭಯ ಅವಳಿಗೆ. ಅವನು ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತಿದ್ದು ಹೋದ.

ಮಧ್ಯಾಹ್ನ ವಾಪಸು ಬಂದವನು ಕೈತೊಳೆದು ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. "ನಮ್ಮ ಬೀದಿಯವರಿಗೆ ನೀನು ಹೇಳಿದ್ದೆ ತಾನೆ?" ಎಂದು ಕೇಳಿದ.

"ಹೇಳಿದ್ದೆ. ಅವರವರ ಕೆಲಸ ಅವರಿಗೆ."

"ಒಬ್ರೂ ಬರಲಿಲ್ಲಕ್ಕಾ. ಮೇಸ್ತ್ರಿಯೂ ಬರಲಿಲ್ಲ."

ಹೇಳಿಬಿಡಲೇ ಎಂದು ಅವಳ ನಾಲಿಗೆ ತುದಿಗೆ ಬಂತು. ಹೊಟ್ಟೆಯಲ್ಲಿ ಗುಟ್ಟು ನಿಲ್ಲದ ಹೆಂಗಸು ಅವಳು, ಜನ್ಮದಲ್ಲಿ ಮೊದಲ ಸಲ ಬಾಯಿ ಬಿಗಿಹಿಡಿದಳು. ಆ ಒಂದು ಸಲವೇ ಬಿಗಿಹಿಡಿಯಬಾರದಿತ್ತು. "ಎರಡು ದಿನ ತಾಳೋ, ಎಲ್ಲ ಸರಿಹೋಗುತ್ತೆ" ಎಂದಷ್ಟೇ ಹೇಳಿ ಅವನ ತಟ್ಟೆಗೆ ಮೊಸರು ಬಡಿಸಿದಳು.

ಶನಿವಾರ ಅವನು ಸಂಜೆಗೆ ಬಂದ. "ಹೇಗಿತ್ತೋ ಇವತ್ತು?" ಎಂದಳು. "ಓಡ್ತಾ ಇದೆ" ಎಂದು ಗೋಡೆ ಕಡೆ ತಿರುಗಿ ಮಲಗಿದ. ಇರಲಿ, ನಾಳೆ ಈ ಮುಖ ಅರಳುತ್ತದೆ ಎಂದುಕೊಂಡು ಅವಳು ತನ್ನ ಬಟ್ಟೆಗೆ ಇಸ್ತ್ರಿ ಹಾಕಿಕೊಂಡಳು. ಭಾನುವಾರ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಅವನು ಎದ್ದು ಹೋಗಿದ್ದ. ಥಿಯೇಟರಿಗೇ ಹೋಗಿರುತ್ತಾನೆ, ಇನ್ನೂ ಒಳ್ಳೆಯದೇ ಆಯಿತು ಎನಿಸಿತು.

ಎರಡು ವ್ಯಾನು, ಹಿಂದೆ ಒಂದಿಷ್ಟು ಆಟೋ. ಇಡೀ ಬೀದಿ ಒಳ್ಳೊಳ್ಳೆ ಬಟ್ಟೆ ಹಾಕಿಕೊಂಡು ಹೊರಟಿತ್ತು. ಮೂಲೆಮನೆ ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದರು. ಮಾಲ್‌ನ ಓಡುವ ಮೆಟ್ಟಿಲು ಹತ್ತಲು ಹೆದರಿದವರನ್ನು ಮೇಸ್ತ್ರಿ ಕೈಹಿಡಿದು ಹತ್ತಿಸಿದ. ಟೈಲರಕ್ಕ ಎಲ್ಲರಿಗಿಂತ ಮುಂದೆ ಹೋಗಿ ಟಿಕೆಟಿನ ಕಿಂಡಿಯಲ್ಲಿ ಸಿನಿಮಾ ಹೆಸರು ಹೇಳಿದಳು.

"ಆ ಸಿನಿಮಾ ಇಲ್ಲಮ್ಮ" ಎಂದಳು ಕಿಂಡಿಯ ಹುಡುಗಿ.

"ಸರಿಯಾಗಿ ನೋಡಮ್ಮ. ಬೆಳಗಿನ ಆಟ. ನನ್ನ ತಮ್ಮಂದು."

"ತೆಗೆದಿದ್ದಾರೆ. ಈಗ ಬೇರೆ ಹಾಕಿದ್ದಾರೆ."

ಗದ್ದಲ ಕೇಳಿ ಮ್ಯಾನೇಜರ್ ಹೊರಗೆ ಬಂದ. ಕತ್ತಿಗೆ ಕಾರ್ಡು ನೇತುಹಾಕಿಕೊಂಡಿದ್ದ, ದಣಿದ ಮುಖದ ಮನುಷ್ಯ. ಕೆಟ್ಟವನೇನಲ್ಲ. ಅಷ್ಟು ಜನರನ್ನು ನೋಡಿ ಅವನೇ ಪೆಚ್ಚಾದ. "ಇವರೆಲ್ಲ ಆ ಸಿನಿಮಾಕ್ಕೆ ಬಂದವರಾ? ಅಮ್ಮಾ, ಶುಕ್ರವಾರ ಎಲ್ಲಿದ್ರಿ ನೀವೆಲ್ಲ? ಅವತ್ತು ಹಾಲ್ ಪೂರ್ತಿ ಖಾಲಿ. ಆದ್ರೂ ಪಾಪ ಅಂತ ಶನಿವಾರ ಇಟ್ಟೆ. ಒಂದು ಟಿಕೆಟೂ ಹೋಗಲಿಲ್ಲ, ಆಟಾನೇ ಹಾಕಲಿಲ್ಲ. ನಾವು ಭಾನುವಾರದವರೆಗೆ ಕಾಯಲ್ಲಮ್ಮ. ಇವರಲ್ಲಿ ಅರ್ಧ ಜನ ಮೊದಲ ದಿನ ಬಂದಿದ್ರೂ ಇಟ್ಟಿರ್ತಿದ್ದೆ."

ಮೇಸ್ತ್ರಿ ಅವಳತ್ತ ನೋಡಿದ, ತಕ್ಷಣ ಬೇರೆ ಕಡೆ ಮುಖ ತಿರುಗಿಸಿದ.

"ಈಗ ಏನಾದ್ರೂ ಮಾಡಿ ಸ್ವಾಮಿ. ಇವರೆಲ್ಲ ರಜಾ ಅಂತ ಬಂದಿದ್ದಾರೆ" ಎಂದು ಅವಳು ಕೈಮುಗಿದಳು. ಮ್ಯಾನೇಜರ್ ಒಳಗೆ ಹೋಗಿ ಯಾರೊಂದಿಗೋ ಮಾತಾಡಿ ಬಂದ. ಮಧ್ಯಾಹ್ನ ಒಂದು ಪರದೆ ಖಾಲಿ ಇದೆಯಂತೆ. ಇಷ್ಟು ಟಿಕೆಟು ಹೋದರೆ ವಾರಪೂರ್ತಿ ಮತ್ತೆ ಇಡಿಸಲು ಮೇಲಿನವರ ಹತ್ತಿರ ಮಾತಾಡುತ್ತಾನಂತೆ. "ನಿಮ್ಮ ತಮ್ಮನಿಗೊಂದು ಫೋನ್ ಮಾಡಿ. ಅವರು ಒಪ್ಪಿದ್ರೆ ಸಾಕು."

ಬೀದಿಯವರ ಮುಖದಲ್ಲಿ ಜೀವ ಬಂತು. ಅವಳು ಫೋನ್ ಮಾಡಿದಳು.

"ಎಲ್ಲಿದ್ದೀಯೋ? ಓಡಿ ಬಾ. ನಾವೆಲ್ಲ ಥಿಯೇಟರ್ ಹತ್ರ ಇದ್ದೀವಿ. ಮಧ್ಯಾಹ್ನ ಆಟ ಹಾಕ್ತಾರಂತೆ, ನೀನು ಹೂಂ ಅಂದ್ರೆ ಸಾಕಂತೆ. ವಾರವೂ ಇಡಬಹುದಂತೆ ಕಣೋ!"

ಆ ಕಡೆ ಬಸ್ಸಿನ ಸದ್ದಿನ ನಡುವೆ ಅವನ ದನಿ ಬಂತು. "ಆಗಲ್ಲಕ್ಕಾ. ನಿನ್ನೆ ಒಬ್ಬನಿಗೆ ಕೊಟ್ಟುಬಿಟ್ಟೆ. ಓಡದ ಸಿನಿಮಾಗಳನ್ನೆಲ್ಲ ಸಗಟು ಕೊಳ್ಳೋನು. ತುಂಡು ತುಂಡು ಮಾಡಿ ಫೋನಲ್ಲಿ ಬಿಡ್ತಾನಂತೆ. ಇನ್ನು ನಾವು ಎಲ್ಲೂ ತೋರಿಸೋ ಹಾಗಿಲ್ಲ. ಈಗಷ್ಟೇ ಸಿನಿಮಾ ಇದ್ದ ಡಿಸ್ಕೂ ಕೊಟ್ಟು ಬರ್ತಾ ಇದ್ದೀನಿ."

"ನನ್ನ ಒಂದು ಮಾತು ಕೇಳಬಾರದಿತ್ತೇನೋ!"

"ಏನಂತ ಕೇಳಲಿ? ಒಬ್ರೂ ಬರಲಿಲ್ಲ. ಬೀದಿಯವರು ಬರಲಿಲ್ಲ, ನೀನೂ ಬರಲಿಲ್ಲ. ನಮ್ಮೋರಿಗೇ ಬೇಡದ್ದನ್ನ ಇಟ್ಕೊಂಡು ಏನು ಮಾಡಲಿ ಅನ್ನಿಸ್ತು." ಉಸಿರು ಎಳೆದುಕೊಂಡ. "ಈಗ ಯಾರ್ಯಾರು ಬಂದಿದ್ದಾರಕ್ಕಾ ಅಲ್ಲಿ?"

ಅವಳಿಗೆ ಸುಳ್ಳು ಹೇಳಲು ತೋಚಲಿಲ್ಲ. "ಮೇಸ್ತ್ರಿ ಬಂದಿದ್ದಾನೆ. ಗ್ಯಾರೇಜಿನ ಹುಡುಗರೆಲ್ಲ ಬಂದಿದ್ದಾರೆ. ಪೇಂಟರು, ಅವನ ಹೆಂಡತಿ, ಮಕ್ಕಳು. ಮೂಲೆಮನೆ ಅಜ್ಜಿಯನ್ನ ಎತ್ತಿಕೊಂಡು ಬಂದ್ವಿ. ಹಾಲಿನವನು, ಅವನ ತಾಯಿ, ಶಾಲೆ ಆಯಾ..."

"ಸಾಕಕ್ಕಾ. ಇನ್ನು ಹೇಳ್ಬೇಡ" ಎಂದ. ಅವನು ಅಳುತ್ತಿದ್ದುದು ಅವಳಿಗೆ ಕೇಳಿಸಿತು. ಅಮ್ಮ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಫೋನ್ ಕಟ್ಟಾಯಿತು. ಅವಳು ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಳು. ಮೇಸ್ತ್ರಿ ಹತ್ತಿರ ಬಂದು, "ಏನಂದ ಅಕ್ಕಾ? ಎಷ್ಟು ಹೊತ್ತಿಗಂತೆ ಆಟ?" ಎಂದು ಕೇಳಿದ. ಅವನ ಹಿಂದೆ ಪೇಂಟರಿನ ಮಕ್ಕಳು ಆಗಲೇ ಸಾಲು ಮಾಡಿ ನಿಂತಿದ್ದವು.